ರೇಸ್ ಓಡಿಸಿದವರು ಕಟ್ಟಿದ ಕಾರು ಕಂಪನಿಗಳು: ಹೆಸರು ಉಳಿದದ್ದು ಯಾರದ್ದು, ಯಾಕೆ?

ಅರಸೀಕೆರೆ ಗ್ಯಾರೇಜು:

ಎಲ್ಲರಿಗೂ ನಮಸ್ಕಾರ. ಅಪ್ಪನ ಗ್ಯಾರೇಜಿನಲ್ಲಿ ಲೆಕ್ಕ ಬರೆಯೋದು, ಪಾರ್ಟ್ಸ್ ತರಿಸೋದು, ಬಾಕಿ ವಸೂಲಿ ಮಾಡೋದು ನನ್ನ ಕೆಲಸ. ಹೋದ ವಾರ ಒಂದು ಹಳೇ ತವೇರಾ ಕ್ಲಚ್ ಕೆಲಸಕ್ಕೆ ಬಂತು. ನಾಲ್ಕು ಲಕ್ಷ ಕಿಲೋಮೀಟರ್ ಓಡಿದೆ. ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಘಾಟಿ ಹತ್ತಿ ಇಳಿದೇ ಸವೆದ ಗಾಡಿ. ಕೆಲಸ ಕಲಿಯಲು ಬರುವ ಹುಡುಗ ಮುಂದಿನ ಗ್ರಿಲ್ ಒರೆಸುತ್ತಿದ್ದ. ಚಿನ್ನದ ಬಣ್ಣದ ಆ ಗುರುತಿನ ಮೇಲೆ ಬಟ್ಟೆ ನಿಲ್ಲಿಸಿ ಕೇಳಿದ: "ಅಕ್ಕಾ, ಷೆವರ್ಲೆ ಅಂದ್ರೆ ಏನು?" ಒಬ್ಬ ಮನುಷ್ಯನ ಹೆಸರು ಅಂದೆ. ರೇಸ್ ಓಡಿಸುತ್ತಿದ್ದವನು ಅಂದೆ. ಅವನು ನಂಬಲೇ ಇಲ್ಲ.

ಲೂಯಿ ಷೆವರ್ಲೆ 1878ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದವರು. ಅಪ್ಪ ಗಡಿಯಾರ ಮಾಡುತ್ತಿದ್ದರು. ಮಗ ಸೈಕಲ್ ರಿಪೇರಿ ಮಾಡಿ, ಸೈಕಲ್ ರೇಸ್ ಓಡಿ, ಆಮೇಲೆ ಅಮೆರಿಕಕ್ಕೆ ಹೋಗಿ ಕಾರು ರೇಸಿಗೆ ಇಳಿದರು. ಬ್ಯೂಕ್ ತಂಡದಲ್ಲಿ ಒಳ್ಳೆ ಹೆಸರು ಮಾಡಿದರು. ಆ ಹೆಸರನ್ನು ನೋಡಿಯೇ ವಿಲಿಯಂ ಡ್ಯುರಾಂಟ್ ಎಂಬ ವ್ಯಾಪಾರಿ 1911ರ ನವೆಂಬರ್‌ನಲ್ಲಿ ಅವರ ಜೊತೆ ಸೇರಿ ಷೆವರ್ಲೆ ಕಂಪನಿ ಶುರುಮಾಡಿದ್ದು. ಮೊದಲ ಕಾರು ದೊಡ್ಡದು, 6 ಸಿಲಿಂಡರ್, ಬೆಲೆ 2,150 ಡಾಲರ್. ಲೂಯಿಗೆ ಅಂಥ ಕಾರೇ ಬೇಕಿತ್ತು. ಡ್ಯುರಾಂಟ್‌ಗೆ ಬೇಕಿದ್ದದ್ದು ಅಗ್ಗದ ಕಾರು. ಜಗಳ ಬಂತು. ಕೆಲವೇ ವರ್ಷಗಳಲ್ಲಿ ಲೂಯಿ ತಮ್ಮ ಪಾಲು ಮಾರಿ ಹೊರಗೆ ಬಂದರು. ಹೆಸರು ಮಾತ್ರ ಒಳಗೇ ಉಳಿಯಿತು.

ಆಮೇಲೆ ಅವರು ಕಟ್ಟಿದ ರೇಸ್ ಕಾರುಗಳಿಗೆ ಫ್ರಾಂಟೆನಾಕ್ ಅಂತ ಹೆಸರಿಟ್ಟರು. ತಮ್ಮ ಗ್ಯಾಸ್ಟನ್ 1920ರ ಇಂಡಿಯಾನಾಪೊಲಿಸ್ 500 ಗೆದ್ದ. ಅದೇ ವರ್ಷ ನವೆಂಬರ್‌ನಲ್ಲಿ ಇನ್ನೊಂದು ರೇಸಿನಲ್ಲಿ ಸತ್ತ. ಲೂಯಿ 1941ರಲ್ಲಿ ತೀರಿಕೊಂಡಾಗ ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ರಸ್ತೆಯಲ್ಲಿ ಲಕ್ಷಗಟ್ಟಲೆ ಕಾರುಗಳ ಮೂತಿಯ ಮೇಲೆ ಅವರದ್ದೇ ಹೆಸರು ಓಡಾಡುತ್ತಿತ್ತು.

ಇದನ್ನು ಹುಡುಗನಿಗೆ ಹೇಳಿದ ಮೇಲೆ ನನಗೇ ಎರಡು ದಿನ ಮನಸ್ಸು ಸರಿಯಿರಲಿಲ್ಲ. ರೇಸ್ ಓಡಿಸಿ ಆಮೇಲೆ ಕಂಪನಿ ಕಟ್ಟಿದವರು ತುಂಬಾ ಜನ ಇದ್ದಾರೆ ಅಲ್ವಾ? ಕೆಲವರದ್ದು ಉಳಿಯಿತು, ಜಾಸ್ತಿ ಜನರದ್ದು ಮುಳುಗಿತು. ಯಾಕೆ? ಕೈಗೆ ಗ್ರೀಸ್ ಮೆತ್ತಿಕೊಂಡವನು ಉಳಿಯುತ್ತಾನೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಲೂಯಿ ಕೈಗೂ ಗ್ರೀಸ್ ಇತ್ತು. ತಿಳಿದವರು ಹೇಳಿ.

ಮೂಡಿಗೆರೆ ನ್ಯಾವಿಗೇಟರ್:

ಒಳ್ಳೆ ಪ್ರಶ್ನೆ ಮೇಡಂ. ನಾನು ಚಿಕ್ಕಮಗಳೂರು ಕಡೆಯ ರ‍್ಯಾಲಿಗಳಲ್ಲಿ ಏಳೆಂಟು ವರ್ಷ ಪಕ್ಕದ ಸೀಟಿನಲ್ಲಿ ಕೂತು ಡ್ರೈವರ್‌ಗೆ ದಾರಿಯ ನೋಟ್ಸ್ ಓದಿದವನು. ನನ್ನ ಲೆಕ್ಕದಲ್ಲಿ ಈ ಮಾತು ಶುರುವಾಗಬೇಕಾದ್ದು ಜಾಕ್ ಬ್ರಾಭಂ ಅವರಿಂದ.

ಆಸ್ಟ್ರೇಲಿಯಾದವರು. 1959 ಮತ್ತು 1960ರಲ್ಲಿ ಕೂಪರ್ ಕಾರಿನಲ್ಲಿ ಫಾರ್ಮುಲಾ ಒನ್ ರೇಸಿನ ವಿಶ್ವ ಚಾಂಪಿಯನ್. ಆ ಕಾರು ಸುಧಾರಿಸಲು ಅವರೇ ಎಷ್ಟೋ ಸಲಹೆ ಕೊಡುತ್ತಿದ್ದರು. ಕಡೆಗೆ, ನನ್ನ ಕಾರು ನಾನೇ ಮಾಡುತ್ತೇನೆ ಅಂತ ಹೊರಟರು. ಒಬ್ಬರೇ ಹೊರಡಲಿಲ್ಲ. ರಾನ್ ಟಾರನ್ಯಾಕ್ ಎಂಬ ಹಳೇ ಸ್ನೇಹಿತನನ್ನು ಸಿಡ್ನಿಯಿಂದ ಇಂಗ್ಲೆಂಡಿಗೆ ಕರೆಸಿಕೊಂಡರು. ಕಾರಿನ ಹೆಸರಲ್ಲಿ ಬರುವ ಬಿಟಿ ಅಂದರೆ ಬ್ರಾಭಂ, ಟಾರನ್ಯಾಕ್. ಮೊದಲ ಕಾರಿಗೆ ಎಂಆರ್‌ಡಿ ಅಂತ ಹೆಸರಿಟ್ಟಿದ್ದರು. ಆ ಮೂರು ಅಕ್ಷರವನ್ನು ಫ್ರೆಂಚರು ಓದಿದರೆ ಅವರ ಭಾಷೆಯಲ್ಲಿ ಹೊಲಸು ಮಾತಾಗುತ್ತದೆ ಅಂತ ಗೊತ್ತಾದ ಮೇಲೆ ಬದಲಾಯಿಸಿದರು.

1966ರಲ್ಲಿ ಫಾರ್ಮುಲಾ ಒನ್ ಎಂಜಿನ್ ಅಳತೆ 1.5 ಲೀಟರಿನಿಂದ 3 ಲೀಟರಿಗೆ ಏರಿತು. ಎಲ್ಲರೂ ದೊಡ್ಡ ದೊಡ್ಡ ಎಂಜಿನ್ ಹಿಂದೆ ಬಿದ್ದರು. ಬ್ರಾಭಂ ಏನು ಮಾಡಿದರು ಗೊತ್ತಾ? ಅಮೆರಿಕದ ಓಲ್ಡ್ಸ್‌ಮೊಬೈಲ್ ಕಾರು ಕಂಪನಿ ಕೈಬಿಟ್ಟ ಅಲ್ಯೂಮಿನಿಯಂ ಎಂಜಿನ್ ಬ್ಲಾಕ್ ಹಿಡಿದು, ರೆಪ್ಕೊ ಎಂಬ ಆಸ್ಟ್ರೇಲಿಯಾದ ಬಿಡಿಭಾಗಗಳ ಕಂಪನಿಯಿಂದ ಅದರ ಮೇಲೆ ವಿ8 ರೇಸ್ ಎಂಜಿನ್ ಮಾಡಿಸಿದರು. ಶಕ್ತಿ ಫೆರಾರಿಗಿಂತ ಕಡಿಮೆ. ಆದರೆ ತೂಕವೂ ಕಡಿಮೆ, ಕೆಡೋದೂ ಕಡಿಮೆ. ಫ್ರಾನ್ಸ್, ಬ್ರಿಟನ್, ಹಾಲೆಂಡ್, ಜರ್ಮನಿ, ಸಾಲಾಗಿ ನಾಲ್ಕು ರೇಸ್ ಗೆದ್ದರು. ವಯಸ್ಸು ನಲವತ್ತು. ಪತ್ರಿಕೆಯವರು ಮುದುಕ ಅಂತ ಬರೆದಿದ್ದರಂತೆ. ಹಾಲೆಂಡಿನ ಜಾಂಡ್‌ಫೋರ್ಟ್‌ನಲ್ಲಿ ಸುಳ್ಳು ಗಡ್ಡ ಅಂಟಿಸಿಕೊಂಡು, ಕೋಲು ಊರಿಕೊಂಡು ಕುಂಟುತ್ತಾ ಕಾರಿನ ಹತ್ತಿರ ಬಂದರು. ಆಮೇಲೆ ಆ ರೇಸೂ ಗೆದ್ದರು.

ತನ್ನ ಹೆಸರಿನ ಕಾರಿನಲ್ಲೇ ವಿಶ್ವ ಚಾಂಪಿಯನ್ ಆದವರು ಇವತ್ತಿಗೂ ಅವರೊಬ್ಬರೇ.

ಡ್ರೈವರ್ ಆದವನು ಯಾಕೆ ಕಾರು ಕಟ್ಟಲು ಹೋಗುತ್ತಾನೆ ಅನ್ನೋದು ನನಗೆ ಅರ್ಥವಾಗುತ್ತದೆ. ಒಂದು ಸಲ ನಮ್ಮ ಗಾಡಿ ತಿರುವಿನಲ್ಲಿ ಎಡಕ್ಕೆ ಎಳೆಯುತ್ತಿತ್ತು. ನಮ್ಮ ಡ್ರೈವರ್ ಸೊಂಟಕ್ಕೆ ಅದು ಗೊತ್ತಾಗುತ್ತಿತ್ತು. ಸರ್ವಿಸಿನವರಿಗೆ ಮೂರು ಸಲ ಹೇಳಿದ. ಅಳತೆ ಎಲ್ಲ ಸರಿ ಇದೆ, ನಿಮ್ಮ ಭ್ರಮೆ ಅಂದರು. ಸಂಜೆ ಬಿಚ್ಚಿ ನೋಡಿದರೆ ಕೆಳಗಿನ ಆರ್ಮ್‌ನಲ್ಲಿ ಕೂದಲೆಳೆ ಬಿರುಕು. ಹತ್ತು ವರ್ಷ ಇಂಥದ್ದನ್ನು ನುಂಗಿಕೊಂಡವನು ಒಂದು ದಿನ ಪಾನಾ ತನ್ನ ಕೈಗೇ ತಗೊಳ್ಳುತ್ತಾನೆ.

ಮಂಡ್ಯದ ಕಬ್ಬು:

ಬ್ರಾಭಂ ಕಥೆ ಪೂರ್ತಿ ಹೇಳಿ ಸರ್. ಆ ಕಂಪನಿ ಇವತ್ತು ಎಲ್ಲಿದೆ?

ಮೂಡಿಗೆರೆ ನ್ಯಾವಿಗೇಟರ್:

1970ರ ಕೊನೆಗೆ ಅವರು ನಿವೃತ್ತಿಯಾಗಿ ಪಾಲನ್ನು ಟಾರನ್ಯಾಕ್‌ಗೆ ಮಾರಿದರು. ಟಾರನ್ಯಾಕ್ ಮರುವರ್ಷ ಬರ್ನಿ ಎಕ್ಲ್‌ಸ್ಟನ್‌ಗೆ ಮಾರಿದರು. 1981 ಮತ್ತು 1983ರಲ್ಲಿ ನೆಲ್ಸನ್ ಪಿಕೆ ಅದೇ ತಂಡದಲ್ಲಿ ಚಾಂಪಿಯನ್. 1992ರಲ್ಲಿ ತಂಡ ನಿಂತುಹೋಯಿತು. ಅಂದರೆ ಹೆಸರು ಇವರದ್ದು, ಮನೆ ಬೇರೆಯವರದ್ದು. ಒಂದು ರೀತಿಯಲ್ಲಿ ಮೇಡಂ ಹೇಳಿದ ಷೆವರ್ಲೆ ಕಥೆಯೇ. ಆದರೆ ಬ್ರಾಭಂ ತಾವಾಗಿಯೇ ಬಿಟ್ಟು, ಆಸ್ಟ್ರೇಲಿಯಾಕ್ಕೆ ಹೋಗಿ ನೆಮ್ಮದಿಯಾಗಿ ಬದುಕಿದರು.

ಆಕ್ಲೆಂಡ್ ಕನ್ನಡತಿ:

ನಾನು ನ್ಯೂಜಿಲೆಂಡಿಗೆ ಬಂದು ಹದಿನಾಲ್ಕು ವರ್ಷ ಆಯಿತು. ಇಲ್ಲಿ ಕಾರಿನ ಮಾತು ಬಂದರೆ ಒಂದೇ ಹೆಸರು: ಬ್ರೂಸ್ ಮೆಕ್ಲಾರೆನ್. ಅವರಪ್ಪನ ಪೆಟ್ರೋಲ್ ಬಂಕ್ ಮತ್ತು ಗ್ಯಾರೇಜು ಇದ್ದದ್ದು ಇದೇ ಆಕ್ಲೆಂಡಿನ ರೆಮುಯೆರಾದಲ್ಲಿ. ಅರಸೀಕೆರೆಯವರೇ, ಅವರೂ ನಿಮ್ಮ ಹಾಗೆ ಗ್ಯಾರೇಜು ಮನೆಯ ಮಗು.

ಬ್ರೂಸ್‌ಗೆ ಒಂಬತ್ತು ವರ್ಷ ಆದಾಗ ಸೊಂಟದ ಮೂಳೆಯ ಕಾಯಿಲೆ ಬಂತು. ಪರ್ಥಸ್ ಅಂತ ಹೆಸರು. ಸುಮಾರು ಎರಡು ವರ್ಷ ಮಕ್ಕಳ ಆಸ್ಪತ್ರೆಯಲ್ಲಿ ಕಾಲು ಕಟ್ಟಿಸಿಕೊಂಡು ಮಲಗಿದ್ದ. ಎದ್ದಾಗ ಎಡಗಾಲು ಬಲಗಾಲಿಗಿಂತ ಗಿಡ್ಡ. ಜೀವನಪೂರ್ತಿ ಸ್ವಲ್ಪ ಕುಂಟುತ್ತಲೇ ನಡೆದ. ಅಪ್ಪ ಒಂದು ಹಳೇ ಆಸ್ಟಿನ್ 7 ತಂದರು, ಅದನ್ನು ಇಬ್ಬರೂ ಸೇರಿ ಕಟ್ಟಿದರು. ಹದಿನೈದನೇ ವಯಸ್ಸಿಗೆ ಅದರಲ್ಲೇ ಮೊದಲ ಸ್ಪರ್ಧೆ.

1958ರಲ್ಲಿ ಡ್ರೈವರ್‌ಗಳನ್ನು ಯುರೋಪಿಗೆ ಕಳಿಸುವ ವಿದ್ಯಾರ್ಥಿವೇತನ ಸಿಕ್ಕಿತು. ಮರುವರ್ಷ ಡಿಸೆಂಬರ್‌ನಲ್ಲಿ ಅಮೆರಿಕದ ಸೀಬ್ರಿಂಗ್‌ನಲ್ಲಿ ಬ್ರಾಭಂ ಕಾರಿಗೆ ಕೊನೆಯ ಸುತ್ತಿನಲ್ಲಿ ಪೆಟ್ರೋಲ್ ಮುಗಿಯಿತು. ಅವರು ಕಾರನ್ನು ತಳ್ಳಿಕೊಂಡು ನಾಲ್ಕನೆಯವರಾಗಿ ಗೆರೆ ದಾಟಿ ಚಾಂಪಿಯನ್ ಆದರು. ಹಿಂದೆ ಬರುತ್ತಿದ್ದ ಅದೇ ತಂಡದ ಬ್ರೂಸ್ ರೇಸ್ ಗೆದ್ದ. ವಯಸ್ಸು 22. ಅಷ್ಟು ಚಿಕ್ಕವನು ಗ್ರ್ಯಾನ್ ಪ್ರಿ, ಅಂದರೆ ಫಾರ್ಮುಲಾ ಒನ್ ರೇಸ್, ಗೆದ್ದ ದಾಖಲೆ 2003ರವರೆಗೆ ಉಳಿದಿತ್ತು.

1963ರಲ್ಲಿ ತನ್ನ ಕಂಪನಿ ಶುರುಮಾಡಿದ. ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಘಟನೆ ಹೇಳುತ್ತೇನೆ, ಕೇಳಿ.

ಒಂದು ದಿನ ಬ್ರೂಸ್ ತನ್ನ ಸ್ಪೋರ್ಟ್ಸ್ ಕಾರು ಪರೀಕ್ಷೆ ಮಾಡುತ್ತಿದ್ದ. ಪೆಟ್ರೋಲ್ ಹಾಕುವ ಜಾಗದ ಮೇಲಿನ ಚಿಕ್ಕ ಮುಚ್ಚಳ ಪಟಪಟ ಹೊಡೆದುಕೊಳ್ಳುತ್ತಿತ್ತು. ಬೇರೆಯವರಾದರೆ ಟೇಪ್ ಹಾಕು ಅನ್ನುತ್ತಿದ್ದರು. ಇವನು ಅದನ್ನೇ ನೋಡುತ್ತಾ ಓಡಿಸಿದ. ವೇಗ ಜಾಸ್ತಿ ಆದ ಹಾಗೆ ಗಾಳಿ ಮುಚ್ಚಳವನ್ನು ಕೆಳಕ್ಕೆ ಒತ್ತಬೇಕು ತಾನೇ? ಇದು ವೇಗ ಜಾಸ್ತಿ ಆದಷ್ಟೂ ಜಾಸ್ತಿ ಎದ್ದು ಕುಣಿಯುತ್ತಿದೆ. ಅಂದರೆ ಒಳಗಿನಿಂದ ಗಾಳಿ ತಳ್ಳುತ್ತಿದೆ. ಆ ಗಾಳಿ ಎಲ್ಲಿಂದ ಬಂತು? ಮುಂದಿನ ರೇಡಿಯೇಟರ್ ಮೂಲಕ ಒಳಗೆ ನುಗ್ಗಿದ್ದು ಹೊರಗೆ ಹೋಗಲು ದಾರಿ ಇಲ್ಲದೆ ಕೂತಿದೆ. ಸೀದಾ ಪಿಟ್‌ಗೆ ಬಂದ. ತಗಡು ಕತ್ತರಿಸುವ ಕತ್ತರಿ ತಗೊಂಡ. ರೇಡಿಯೇಟರ್ ಹಿಂದಿನ ಬಾಡಿಯನ್ನು ಕರಕರ ಕತ್ತರಿಸಿದ. ಮತ್ತೆ ಕೂತು ಓಡಿಸಿದ ತಕ್ಷಣ ಲ್ಯಾಪ್ ಸಮಯ ಇಳಿಯಿತು. ಮುಂದೆ ಮೆಕ್ಲಾರೆನ್ ಕಾರುಗಳ ಮೂತಿಯ ಮೇಲೆ ಕಂಡ ಆ ಮೂಗಿನ ಹೊಳ್ಳೆಗಳು ಹುಟ್ಟಿದ್ದು ಹೀಗೆ.

ಮುಚ್ಚಳ ಕುಣಿದದ್ದು ಡ್ರೈವರ್‌ಗೆ ಕಾಣುತ್ತದೆ, ಕತ್ತರಿ ಇರೋದು ಎಂಜಿನಿಯರ್ ಕೈಯಲ್ಲಿ. ಬ್ರೂಸ್‌ನಲ್ಲಿ ಎರಡೂ ಒಬ್ಬನೇ ಆಗಿದ್ದ.

ಅರಸೀಕೆರೆ ಗ್ಯಾರೇಜು:

ಅಕ್ಕಾ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ಅವರು ಎಂಜಿನ್ ಸದ್ದು ಹಿಡಿಯೋದು ಹೀಗೆಯೇ. ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು ತುದಿಯನ್ನು ಎಂಜಿನ್ ಮೇಲೆ ಇಟ್ಟು, ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ಒತ್ತಿ, ಕಣ್ಣು ಮುಚ್ಚುತ್ತಾರೆ. ತುದಿಯನ್ನು ಒಂದೊಂದೇ ಇಂಚು ಸರಿಸುತ್ತಾರೆ. ಇಲ್ಲಿ ಟ್ಯಾಪೆಟ್, ಇಲ್ಲಿ ಪಂಪ್ ಬೇರಿಂಗ್ ಅಂತ ಹೇಳುತ್ತಾರೆ. ಗ್ಯಾರೇಜಿನಲ್ಲಿ ಆಗ ಯಾರೂ ಮಾತಾಡಬಾರದು, ರೇಡಿಯೋ ಆರಿಸಬೇಕು.

ಮಂಡ್ಯದ ಕಬ್ಬು:

ಬ್ರೂಸ್ ಗೆದ್ದದ್ದು ಬರೀ ಕೈಚಳಕದಿಂದ ಅಂದರೆ ನಾನು ಒಪ್ಪಲ್ಲ. ಕೈಚಳಕ ಇದ್ದೂ ಸೋತವರು ಬೇಕಾದಷ್ಟು ಇದ್ದಾರೆ.

ಎಮರ್ಸನ್ ಫಿಟಿಪಾಲ್ಡಿ ನೋಡಿ. ಬ್ರೆಜಿಲ್‌ನವರು. 1972ರಲ್ಲಿ ಒಮ್ಮೆ, 1974ರಲ್ಲಿ ಮೆಕ್ಲಾರೆನ್‌ನಲ್ಲೇ ಇನ್ನೊಮ್ಮೆ ಚಾಂಪಿಯನ್. 1975 ಮುಗಿದಾಗ ಅಷ್ಟು ಒಳ್ಳೆ ಸೀಟು ಬಿಟ್ಟು ಅಣ್ಣ ವಿಲ್ಸನ್ ಕಟ್ಟಿದ ತಂಡಕ್ಕೆ ಹೋದರು. ಅದಕ್ಕೆ ದುಡ್ಡು ಹಾಕಿದ್ದು ಕೋಪರ್‌ಸುಕರ್. ಅದು ಬ್ರೆಜಿಲ್‌ನ ಸಕ್ಕರೆ ಉತ್ಪಾದಕರ ಸಹಕಾರ ಸಂಘ! ಮೊದಲ ಸಲ ಓದಿದಾಗ ಮಂಡ್ಯದವನಾಗಿ ನನಗೆ ರೋಮಾಂಚನ ಆಗಿತ್ತು. ಕಬ್ಬು ಬೆಳೆಯುವವರ ಸಂಘದ ಹೆಸರು ಫಾರ್ಮುಲಾ ಒನ್ ಕಾರಿನ ಮೇಲೆ. ಆದರೆ ಒಂದೇ ಒಂದು ರೇಸ್ ಗೆಲ್ಲಲಿಲ್ಲ. 1978ರಲ್ಲಿ ತಮ್ಮ ನಾಡಿನಲ್ಲೇ ಎರಡನೇ ಸ್ಥಾನ ಬಂದದ್ದೇ ದೊಡ್ಡದು. 1982ಕ್ಕೆ ಮುಚ್ಚಿತು.

ಜಾನ್ ಸರ್ಟೀಸ್ ಇನ್ನೊಬ್ಬರು. ಬೈಕ್ ಮತ್ತು ಕಾರು ಎರಡರಲ್ಲೂ ವಿಶ್ವ ಚಾಂಪಿಯನ್ ಆದವರು ಜಗತ್ತಿನಲ್ಲಿ ಅವರೊಬ್ಬರೇ. ಅವರ ತಂಡ 1970ರಿಂದ 1978ರವರೆಗೆ ಫಾರ್ಮುಲಾ ಒನ್ ಓಡಿತು. ಚಾಂಪಿಯನ್‌ಷಿಪ್ ರೇಸ್ ಒಂದೂ ಗೆಲ್ಲಲಿಲ್ಲ. ಇವರ ಕೈ ಏನು ಕಡಿಮೆ ಇತ್ತಾ?

ಲೆಕ್ಕದ ಮೇಷ್ಟ್ರು:

ಕಬ್ಬಿನವರು ಸರಿಯಾದ ಗಂಟಿಗೆ ಕೈ ಹಾಕಿದ್ದಾರೆ. ದುಡ್ಡು ಎಲ್ಲಿಂದ ಬಂತು ಅಂತ ನೋಡಿ.

ಬ್ರೂಸ್ ಜೊತೆ ಟೆಡ್ಡಿ ಮೇಯರ್ ಎಂಬ ಅಮೆರಿಕದ ವಕೀಲ ಇದ್ದರು. ಅವರ ತಮ್ಮ ಟಿಮ್ಮಿ ಬ್ರೂಸ್ ತಂಡದಲ್ಲೇ ಓಡಿಸುತ್ತಿದ್ದ. 1964ರಲ್ಲಿ ಟಾಸ್ಮೇನಿಯಾದ ಲಾಂಗ್‌ಫೋರ್ಡ್‌ನಲ್ಲಿ ಅಭ್ಯಾಸದ ವೇಳೆ ಸತ್ತ. ಟೆಡ್ಡಿ ಎಲ್ಲ ಬಿಟ್ಟು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಬ್ರೂಸ್ ಜೊತೆಗೇ ನಿಂತು ವ್ಯವಹಾರ ನೋಡಿಕೊಂಡರು.

ಎರಡನೆಯದು, ಅವರು ಫಾರ್ಮುಲಾ ಒನ್ ಒಂದನ್ನೇ ನೆಚ್ಚಿ ಕೂರಲಿಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ಕ್ಯಾನ್-ಆಮ್ ಎಂಬ ಸ್ಪೋರ್ಟ್ಸ್ ಕಾರು ಸರಣಿ ಇತ್ತು. ಬಹುಮಾನದ ಹಣ ದೊಡ್ಡದು. ಮೆಕ್ಲಾರೆನ್ ಕಾರುಗಳು 1967ರಿಂದ 1971ರವರೆಗೆ ಐದು ವರ್ಷವೂ ಚಾಂಪಿಯನ್. 1969ರಲ್ಲಿ ಹನ್ನೊಂದಕ್ಕೆ ಹನ್ನೊಂದು ರೇಸ್ ಅವರದ್ದೇ. ಬೇರೆ ತಂಡಗಳಿಗೆ ಮಾರುವ ಕಾರುಗಳನ್ನು ಟ್ರೋಜನ್ ಎಂಬ ಇನ್ನೊಂದು ಕಂಪನಿಗೆ ಮಾಡಲು ಕೊಟ್ಟರು. ತಾವು ಹೊಸದನ್ನು ಯೋಚಿಸುವುದು, ಹಳೆಯದನ್ನು ಮಾಡಿ ಮಾರುವುದು ಬೇರೆಯವರು. ನಮ್ಮ ಕಡೆ ಒಂದೇ ಬೆಳೆ ನಂಬಬೇಡ ಅನ್ನುತ್ತಾರಲ್ಲ, ಹಾಗೆ.

ಫಿಟಿಪಾಲ್ಡಿಗೆ ಒಂದೇ ಬೆಳೆ. ಅದೂ ಕೈಕೊಟ್ಟಿತು.

ಕೋಲಾರದ ಎರಡನೇ ಶಿಫ್ಟ್:

ನಾನು ನರಸಾಪುರದಲ್ಲಿ ಹೋಂಡಾ ಸ್ಕೂಟರ್ ಮಾಡುವ ಕಾರ್ಖಾನೆಯ ಪಕ್ಕದಲ್ಲೇ ಇನ್ನೊಂದು ಕಡೆ ಕೆಲಸ ಮಾಡುವವಳು. ಎಲ್ಲರೂ ಯುರೋಪಿನ ಮಾತೇ ಆಡುತ್ತಿದ್ದೀರಿ. ನಮ್ಮ ಜಿಲ್ಲೆಯಿಂದ ದಿನಾ ಹೊರಗೆ ಹೋಗುವ ಆಕ್ಟಿವಾಗಳ ಮೇಲೆ ಇರುವುದೂ ರೇಸ್ ಓಡಿಸಿದ ಒಬ್ಬರ ಹೆಸರೇ.

ಸೊಯಿಚಿರೋ ಹೋಂಡಾ. 1906ರಲ್ಲಿ ಹುಟ್ಟಿದವರು, ಕಮ್ಮಾರರ ಮಗ. ಹದಿನೈದು ವರ್ಷಕ್ಕೆ ಟೋಕಿಯೊದ ಆರ್ಟ್ ಶೋಕಾಯ್ ಎಂಬ ಗ್ಯಾರೇಜಿಗೆ ಕೆಲಸ ಕಲಿಯಲು ಸೇರಿದರು. ಶುರುವಿನಲ್ಲಿ ಅವರಿಗೆ ಕೊಟ್ಟ ಕೆಲಸ ಏನು ಗೊತ್ತಾ? ಯಜಮಾನರ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಆಡಿಸುವುದು. ಪಾನಾ ಮುಟ್ಟಲು ಬಿಡುತ್ತಿರಲಿಲ್ಲ. ಆ ಹುಡುಗ ಮಗುವನ್ನು ಹೊತ್ತುಕೊಂಡೇ ಎಂಜಿನ್ ಬಿಚ್ಚುವುದನ್ನು ನೋಡುತ್ತಿದ್ದ. ಅರಸೀಕೆರೆ ಅಕ್ಕ, ನಿಮ್ಮ ಹುಡುಗನಿಗೆ ಇದನ್ನು ಹೇಳಿ.

1924ರಲ್ಲಿ ಗ್ಯಾರೇಜಿನವರು ಕಟ್ಟಿದ ರೇಸ್ ಕಾರಿನಲ್ಲಿ ಮೆಕ್ಯಾನಿಕ್ ಆಗಿ ಡ್ರೈವರ್ ಪಕ್ಕ ಕೂತು ಗೆದ್ದರು. 1936ರಲ್ಲಿ ಟಮಗಾವ ಟ್ರ್ಯಾಕ್‌ನಲ್ಲಿ ತಾವೇ ಓಡಿಸಿದರು. ತಮ್ಮ ಬೆಂಜಿರೋ ಜೊತೆಗಿದ್ದ. ಇನ್ನೊಂದು ಕಾರಿಗೆ ಗುದ್ದಿ ಉರುಳಿದರು. ಹೋಂಡಾ ಅವರ ಮುಖಕ್ಕೆ ಪೆಟ್ಟಾಯಿತು, ತಮ್ಮನಿಗೆ ಇನ್ನೂ ಜಾಸ್ತಿ.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಸೈನ್ಯದ ರೇಡಿಯೋಗಳಿಗೆ ಬಳಸುತ್ತಿದ್ದ ಚಿಕ್ಕ ಎಂಜಿನ್‌ಗಳನ್ನು ಸೈಕಲ್ಲಿಗೆ ಕಟ್ಟಿ ಮಾರಿದರು. 1948ರಲ್ಲಿ ಕಂಪನಿ. ಮರುವರ್ಷ ತಾಕೆಯೊ ಫುಜಿಸಾವಾ ಬಂದರು. ಮೇಷ್ಟ್ರು ಹೇಳಿದ ಟೆಡ್ಡಿ ಮೇಯರ್ ಥರದವರು. ದುಡ್ಡು, ಮಾರಾಟ, ಬ್ಯಾಂಕು ಎಲ್ಲ ಅವರದ್ದು. ಜಪಾನಿನಲ್ಲಿ ಕಂಪನಿಯ ಮುದ್ರೆ ಅಂದರೆ ಸಹಿ ಇದ್ದ ಹಾಗೆ, ಅದಿಲ್ಲದೆ ಯಾವ ಕಾಗದವೂ ನಡೆಯದು. ಹೋಂಡಾ ಅದನ್ನು ಫುಜಿಸಾವಾ ಕೈಗೆ ಕೊಟ್ಟುಬಿಟ್ಟಿದ್ದರು. ತಾವು ಕಾರ್ಖಾನೆಯಲ್ಲಿ ಎಂಜಿನ್ ಜೊತೆ. 1973ರಲ್ಲಿ ಇಬ್ಬರೂ ಒಟ್ಟಿಗೆ ನಿವೃತ್ತಿಯಾದರು.

ಮುದ್ರೆಯನ್ನೇ ಇನ್ನೊಬ್ಬರ ಕೈಗೆ ಕೊಡಬೇಕಾದರೆ ಎಷ್ಟು ನಂಬಿಕೆ ಇರಬೇಕು ಯೋಚಿಸಿ. ಷೆವರ್ಲೆಗೆ ಸಿಕ್ಕಿದ್ದು ಡ್ಯುರಾಂಟ್, ಹೋಂಡಾಗೆ ಸಿಕ್ಕಿದ್ದು ಫುಜಿಸಾವಾ. ಅಷ್ಟೇ ವ್ಯತ್ಯಾಸ ಅಂತ ನನಗೆ ಅನ್ನಿಸುತ್ತದೆ.

ಕೆಂಪು ಕುದುರೆ:

ಹಾಗಾದರೆ ಎಂಜೊ ಫೆರಾರಿ? ಅವರ ಪಕ್ಕದಲ್ಲಿ ಯಾರಿದ್ದರು ಹೇಳಿ. ಒಂಟಿ ಮನುಷ್ಯ.

ಮೊದಲ ಮಹಾಯುದ್ಧ ಮುಗಿದ ಚಳಿಗಾಲದಲ್ಲಿ ಟ್ಯೂರಿನ್‌ಗೆ ಹೋಗಿ ಫಿಯಟ್‌ನಲ್ಲಿ ಕೆಲಸ ಕೇಳಿದರು. ಅಪ್ಪ, ಅಣ್ಣ ಇಬ್ಬರೂ 1916ರಲ್ಲೇ ಸತ್ತಿದ್ದರು. ಕೈಯಲ್ಲಿ ಕಾಸಿಲ್ಲ. ಕೆಲಸ ಇಲ್ಲ ಅಂದರು. ವಾಲೆಂಟಿನೊ ಪಾರ್ಕಿನ ಬೆಂಚಿನ ಮೇಲೆ ಕೂತು ಅತ್ತರು. ಆಮೇಲೆ ಆಲ್ಫಾ ರೋಮಿಯೊದಲ್ಲಿ ಡ್ರೈವರ್ ಆದರು, ರೇಸ್ ಗೆದ್ದರು, 1929ರಲ್ಲಿ ಸ್ಕುದೇರಿಯಾ ಫೆರಾರಿ ಎಂಬ ತಂಡ ಕಟ್ಟಿದರು. 1932ರಲ್ಲಿ ಮಗ ಹುಟ್ಟಿದ, ಆ ಹೊತ್ತಿಗೆ ಓಡಿಸುವುದನ್ನೇ ಬಿಟ್ಟರು. 1939ರಲ್ಲಿ ಆಲ್ಫಾ ಬಿಟ್ಟಾಗ ನಾಲ್ಕು ವರ್ಷ ತಮ್ಮ ಹೆಸರನ್ನೇ ರೇಸಿಗೆ ಬಳಸಬಾರದು ಅಂತ ಕರಾರು. ಅದಕ್ಕೇ 1940ರ ಮಿಲ್ಲೆ ಮಿಲಿಯಾ ಎಂಬ ಇಟಲಿಯ ರೇಸಿಗೆ ಮಾಡಿದ ಎರಡು ಕಾರುಗಳ ಮೇಲೆ ಫೆರಾರಿ ಅಂತ ಬರೆದಿರಲಿಲ್ಲ. ಹೆಸರು ಬರೆಸಿಕೊಂಡ ಮೊದಲ ಕಾರು 1947ರ 125 ಎಸ್. ಒಂದೂವರೆ ಲೀಟರಿನಲ್ಲಿ 12 ಸಿಲಿಂಡರ್! ಮೇ 11ರಂದು ಪಿಯಾಚೆಂಜಾದಲ್ಲಿ ಮೊದಲ ರೇಸ್, ಪೆಟ್ರೋಲ್ ಪಂಪ್ ಕೈಕೊಟ್ಟಿತು. ಎರಡೇ ವಾರಕ್ಕೆ ರೋಮ್‌ನಲ್ಲಿ ಗೆದ್ದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಟ್ಯೂರಿನ್‌ನ ವಾಲೆಂಟಿನೊ ಪಾರ್ಕಿನ ರಸ್ತೆಗಳಲ್ಲೇ ರೇಮಂಡ್ ಸೋಮರ್ ಫೆರಾರಿ ಕಾರಿನಲ್ಲಿ ಗೆದ್ದ. ಎಂಜೊ ಹೋಗಿ ಅದೇ ಬೆಂಚಿನ ಮೇಲೆ ಕೂತು ಮತ್ತೆ ಅತ್ತರಂತೆ.

ಆ ಬೆಂಚಿನ ವಿಷಯ ನೆನಪಾದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಲೆಕ್ಕದ ಮೇಷ್ಟ್ರು:

ಬೆಂಚಿನ ಮೇಲೆ ಒಂಟಿ, ನಿಜ. ಕೆಲಸದಲ್ಲಿ ಒಂಟಿ ಅಲ್ಲ. ಫಿಯಟ್‌ನಲ್ಲಿದ್ದ ವಿಟ್ಟೋರಿಯೊ ಯಾನೊ ಅಂಥ ಎಂಜಿನಿಯರನ್ನು 1920ರ ದಶಕದಲ್ಲೇ ಒಪ್ಪಿಸಿ ಆಲ್ಫಾಗೆ ಕರೆತಂದವರಲ್ಲಿ ಎಂಜೊ ಒಬ್ಬರು. ಆ 12 ಸಿಲಿಂಡರ್ ಎಂಜಿನ್ನಿನ ನಕ್ಷೆ ಬರೆದದ್ದು ಜೊವಾಕಿನೊ ಕೊಲಂಬೊ. ಎಂಜೊ ಸ್ವತಃ ಎಂಜಿನ್ ಬರೆದವರಲ್ಲ. ಯಾರಿಂದ ಏನು ಬರುತ್ತದೆ ಅಂತ ಗುರುತಿಸುವುದೇ ಅವರ ವಿದ್ಯೆ. ದುಡ್ಡಿನ ಕಷ್ಟ ಅವರನ್ನೂ ಬಿಡಲಿಲ್ಲ. 1969ರಲ್ಲಿ ಅರ್ಧ ಪಾಲನ್ನು ಮಾರಿದ್ದು ಯಾರಿಗೆ? ಒಂದು ಕಾಲದಲ್ಲಿ ಕೆಲಸ ಇಲ್ಲ ಅಂದಿದ್ದ ಅದೇ ಫಿಯಟ್‌ಗೆ. ರೇಸ್ ವಿಭಾಗದ ಹಿಡಿತ ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು.

ಹುಬ್ಬಳ್ಳಿ ಬ್ಯಾಟರಿ:

ನಾನು ಎಂಜಿನಿಯರಿಂಗ್ ಮೂರನೇ ವರ್ಷ. ಈಗಿನ ಕಾಲದವರನ್ನೂ ಸೇರಿಸಿ ಅಣ್ಣಾ. ಕ್ರೊಯೇಷಿಯಾದ ಮಾಟೆ ರಿಮಾಟ್ಸ್ 1984ರ ಹಳೇ ಬಿಎಂಡಬ್ಲ್ಯು ತಗೊಂಡು ರೇಸ್ ಓಡಿಸುತ್ತಿದ್ದರು. ಎಂಜಿನ್ ಸೀದುಹೋಯಿತು. ಅದರ ಜಾಗಕ್ಕೆ ಮೋಟರ್, ಬ್ಯಾಟರಿ ಕೂರಿಸಿದರು. ವಾಷಿಂಗ್ ಮೆಷಿನ್ ಅಂತ ನಕ್ಕವರನ್ನೇ ಸೋಲಿಸಿದರು. 2009ರಲ್ಲಿ ಕಂಪನಿ ಶುರು, 2021ರಲ್ಲಿ ಬುಗಾಟಿ ಎಂಬ ಹೆಸರಾಂತ ಕಾರು ಕಂಪನಿಯೇ ಅವರ ಕಂಪನಿ ಜೊತೆ ಸೇರಿತು.

ನಮ್ಮ ಬೆಂಗಳೂರಿನ ಬ್ಯಾಟರಿ ಕಾರು ರೇವಾ ಕಥೆಯೂ ಇದರ ನೆಂಟನೇ. ಚೇತನ್ ಮೈನಿ ಅವರು ಮಿಷಿಗನ್‌ನಲ್ಲಿ ಓದುವಾಗ 1990ರಲ್ಲಿ ಅಮೆರಿಕದ ಸೌರ ಕಾರು ರೇಸ್ ಗೆದ್ದ ತಂಡದಲ್ಲಿದ್ದವರು. 2001ರಲ್ಲಿ ಬೆಂಗಳೂರಿನಿಂದ ರೇವಾ ಬಂತು. ರೇಸಿನಲ್ಲಿ ಹತ್ತಿದ ಹುಚ್ಚೇ ಕಾರು ಕಟ್ಟಿಸಿದ್ದು.

ಆಕ್ಲೆಂಡ್ ಕನ್ನಡತಿ:

ಬ್ರೂಸ್ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಕೊನೆ ಹೇಳದೆ ಹೋಗಲು ಮನಸ್ಸಿಲ್ಲ.

1968ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ತನ್ನ ಹೆಸರಿನ ಕಾರಿನಲ್ಲೇ ಗೆದ್ದ. ಮುಂದಿದ್ದ ಡ್ರೈವರ್ ಜಾಕಿ ಸ್ಟುವರ್ಟ್ ಕೊನೆಯಲ್ಲಿ ಪೆಟ್ರೋಲ್‌ಗೆ ನಿಂತದ್ದು ಬ್ರೂಸ್‌ಗೆ ಗೊತ್ತೇ ಇರಲಿಲ್ಲ. ಎರಡನೇ ಸ್ಥಾನ ಅಂದುಕೊಂಡೇ ಗೆರೆ ದಾಟಿದ. ಗೆದ್ದದ್ದು ನೀನೇ ಅಂತ ಬೇರೆಯವರು ಹೇಳಬೇಕಾಯಿತು.

ರಸ್ತೆ ಕಾರಿನ ಆಸೆಯೂ ಇತ್ತು. ಎಂ6ಜಿಟಿ ಅಂತ ಒಂದು ಕೆಂಪು ಕಾರು ಮಾಡಿ ತಾನೇ ಓಡಿಸಿಕೊಂಡು ಓಡಾಡುತ್ತಿದ್ದ.

1970ರ ಜೂನ್ 2, ಇಂಗ್ಲೆಂಡಿನ ಗುಡ್‌ವುಡ್ ಟ್ರ್ಯಾಕ್. ಹೊಸ ಕ್ಯಾನ್-ಆಮ್ ಕಾರು ಪರೀಕ್ಷೆ ಮಾಡುತ್ತಿದ್ದ. ನೇರ ದಾರಿಯಲ್ಲಿ, ಪೂರ್ತಿ ವೇಗದಲ್ಲಿ, ಹಿಂದಿನ ಬಾಡಿ ಕಿತ್ತುಹೋಯಿತು. ವಯಸ್ಸು 32.

ತಂಡದ ಇನ್ನೊಬ್ಬ ಡ್ರೈವರ್ ಡೆನ್ನಿ ಹಲ್ಮ್‌ಗೆ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಎರಡೂ ಕೈ ಸುಟ್ಟಿತ್ತು. ಕ್ಯಾನ್-ಆಮ್ ಮೊದಲ ರೇಸ್ ಕೆನಡಾದ ಮೋಸ್‌ಪೋರ್ಟ್‌ನಲ್ಲಿ, ಜೂನ್ 14ಕ್ಕೆ. ಬ್ರೂಸ್ ಸತ್ತು ಹನ್ನೆರಡೇ ದಿನ. ಅವರು ಹೋದರು. ಹಲ್ಮ್ ಸುಟ್ಟ ಕೈಯಲ್ಲೇ ಸ್ಟೇರಿಂಗ್ ಹಿಡಿದರು. ಬ್ರೂಸ್ ಜಾಗದಲ್ಲಿ ಕೂತದ್ದು ಡ್ಯಾನ್ ಗರ್ನಿ. ಅವರೂ ನಿಮ್ಮ ಪಟ್ಟಿಗೆ ಸೇರಬೇಕಾದವರೇ. 1967ರಲ್ಲಿ ಅದೇ ಸ್ಪಾದಲ್ಲಿ ತಾವೇ ಕಟ್ಟಿದ ಈಗಲ್ ಕಾರಿನಲ್ಲಿ ಗೆದ್ದವರು. ಕಂಪನಿ ಇಟ್ಟುಕೊಂಡ ಡ್ರೈವರ್ ಒಬ್ಬ ಇನ್ನೊಬ್ಬ ಡ್ರೈವರ್‌ನ ಕಂಪನಿ ಉಳಿಸಲು ಬಂದ. ಮೋಸ್‌ಪೋರ್ಟ್ ಗೆದ್ದದ್ದು ಗರ್ನಿ. ಆ ವರ್ಷದ ಚಾಂಪಿಯನ್ ಹಲ್ಮ್.

ಟೆಡ್ಡಿ ಮೇಯರ್ ತಂಡ ಮುನ್ನಡೆಸಿದರು. 1974ರಲ್ಲಿ ಮೊದಲ ಫಾರ್ಮುಲಾ ಒನ್ ಕಿರೀಟ ಬಂತು. 1990ರ ದಶಕದಲ್ಲಿ ಗಾರ್ಡನ್ ಮರ್ರಿ ಎಂಬ ಕಾರು ವಿನ್ಯಾಸಕರ ಕೈಯಲ್ಲಿ ಆ ರಸ್ತೆ ಕಾರಿನ ಆಸೆಯೂ ನೆರವೇರಿತು. ಎಲ್ಲ ಸೇರಿ 106 ಕಾರು ಮಾಡಿದರು. ಅದಕ್ಕೆ ಮುಂಚೆ ಬ್ರಾಭಂ ತಂಡಕ್ಕೆ ಕಾರು ಬರೆಯುತ್ತಿದ್ದವರೂ ಇದೇ ಮರ್ರಿ.

ಮೂಡಿಗೆರೆ ನ್ಯಾವಿಗೇಟರ್:

ಮರ್ರಿ ಕೂಡ ಹುಡುಗನಾಗಿದ್ದಾಗ ದಕ್ಷಿಣ ಆಫ್ರಿಕಾದಲ್ಲಿ ತಾನೇ ಕಟ್ಟಿದ ಕಾರಿನಲ್ಲಿ ರೇಸ್ ಓಡಿಸಿದವರು. 2017ರಲ್ಲಿ ತಮ್ಮದೇ ಹೆಸರಿನ ಕಾರು ಕಂಪನಿ ಶುರುಮಾಡಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು.

ಅರಸೀಕೆರೆ ಗ್ಯಾರೇಜು:

ಎಲ್ಲವನ್ನೂ ಕೂತು ಓದಿದೆ. ಕೋಲಾರದ ತಂಗಿ ಬರೆದ ಮುದ್ರೆಯ ಮಾತು ನನಗೆ ತುಂಬಾ ತಟ್ಟಿತು. ನಮ್ಮಪ್ಪನಿಗೆ ಬಿಲ್ಲು ಕೇಳಲು ಬಾಯಿ ಬರುವುದಿಲ್ಲ. ಕೆಲಸ ಮುಗಿಸಿ ಕೈ ಒರೆಸಿಕೊಂಡು "ಆಮೇಲೆ ಕೊಡಿ" ಅಂದುಬಿಡುತ್ತಾರೆ. ನಾಲ್ಕು ವರ್ಷದ ಹಿಂದೆ ಗ್ಯಾರೇಜು ಮುಚ್ಚುವ ಹಾಗೆ ಆಗಿತ್ತು. ಆಗ ನಾನು ಬೆಂಗಳೂರಿನ ಕೆಲಸ ಬಿಟ್ಟು ಬಂದು ಪುಸ್ತಕ ಹಿಡಿದೆ. ಗ್ರೀಸ್ ಹತ್ತದ ಕೈಯಿಂದ ಗ್ಯಾರೇಜಿಗೆ ಏನು ಉಪಯೋಗ ಅಂತ ಎಷ್ಟೋ ಸಲ ನನಗೇ ಅನ್ನಿಸಿದ್ದುಂಟು. ಫುಜಿಸಾವಾ ಹೆಸರನ್ನು ನನ್ನ ಲೆಕ್ಕದ ಪುಸ್ತಕದ ಒಳರಟ್ಟಿನ ಮೇಲೆ ಬರೆದಿಟ್ಟಿದ್ದೇನೆ.

ತವೇರಾ ಸುದ್ದಿ: ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರೂ ಹಾಸನದಿಂದ ಸಿಕ್ಕಿತು. ನಿನ್ನೆ ಸಂಜೆ ಹುಡುಗನೇ ಅಪ್ಪನನ್ನು ಪಕ್ಕ ಕೂರಿಸಿಕೊಂಡು ಟ್ರಯಲ್ ನೋಡಿ ಬಂದ. ಬಂದವನು ಗಾಡಿ ಆರಿಸಲಿಲ್ಲ. "ಅಣ್ಣಾ, ಮೂರನೇ ಗೇರಿನಲ್ಲಿ ಕಾಲಿನ ಕೆಳಗೆ ಏನೋ ನಡುಗುತ್ತೆ, ನಾಲ್ಕರಲ್ಲಿ ಇಲ್ಲ" ಅಂದ. ಅಪ್ಪನಿಗೆ ಅದು ಗೊತ್ತಾಗಿರಲಿಲ್ಲ. ಅವನ ಮುಖ ನೋಡಿದರು, ಸ್ಕ್ರೂಡ್ರೈವರ್ ತಂದು ಅವನ ಕೈಗೇ ಕೊಟ್ಟರು. ನಾನು ರೇಡಿಯೋ ಆರಿಸಿದೆ.

ನಾಳೆ ಬೆಳಿಗ್ಗೆ ಗಾಡಿ ಮತ್ತೆ ಜಾಕಿ ಮೇಲೆ. ಮೂರನೇ ಗೇರಿನ ನಡುಕ ಈ ಗಾಡಿಯಲ್ಲಿ ಯಾರಾದರೂ ನೋಡಿದ್ದರೆ ತಿಳಿಸಿ.

ಮೂಡಿಗೆರೆ ನ್ಯಾವಿಗೇಟರ್:

ಮೊದಲು ಗೇರ್‌ಬಾಕ್ಸ್ ಮೌಂಟ್‌ನ ರಬ್ಬರ್ ನೋಡಿಸಿ ಮೇಡಂ. ಕ್ಲಚ್ ಕೆಲಸಕ್ಕೆ ಇಳಿಸಿ ಏರಿಸುವಾಗ ಹರಿದಿರಬಹುದು. ಅದಲ್ಲದಿದ್ದರೆ ಪ್ರೊಪೆಲ್ಲರ್ ಶಾಫ್ಟ್ ಜಾಯಿಂಟ್. ಏನಾಯಿತು ಅಂತ ಇಲ್ಲೇ ಬರೆಯಿರಿ.